ಅರ್ಥವಾಗಲಿಲ್ಲ ಎಂದ ಹುಡುಗ

ದೌಲತಾಬಾದಿನ ಕೋಟೆ. ರಾತ್ರಿ. ಇಬ್ಬರು ಕಾವಲುಗಾರರು. ಒಬ್ಬ 19 ವರ್ಷದ ಹುಡುಗ. ಇನ್ನೊಬ್ಬ ಅವನಿಗಿಂತ ಹಿರಿಯ, ದಿಲ್ಲಿಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ತನ್ನವರನ್ನು ಕಳೆದುಕೊಂಡವನು. ನಿದ್ದೆ ಹತ್ತದ ಸುಲ್ತಾನ ಅಲ್ಲಿಗೆ ಬರುತ್ತಾನೆ. ಹುಡುಗನ ವಯಸ್ಸು ಕೇಳುತ್ತಾನೆ. ಆ ವಯಸ್ಸಿನಲ್ಲಿ ತನಗಿದ್ದ ಕನಸು ನೆನಪಾಗುತ್ತದೆ. ಇದೇ ಕೋಟೆಯ ಒಂದೊಂದು ಇಟ್ಟಿಗೆಯನ್ನೂ ತಾನು ಎದುರು ನಿಂತು ಇಡಿಸಿದ್ದು, ತನ್ನ ಚರಿತ್ರೆಯನ್ನೂ ಹೀಗೆಯೇ ಕಟ್ಟುವೆನೆಂದುಕೊಂಡದ್ದು, ಎಲ್ಲವೂ ಒಳಗಿನಿಂದ ಉಕ್ಕಿ ಬರುತ್ತದೆ. ಹುಡುಗ ಹೆದರುತ್ತಲೇ ನಿಜ ಹೇಳುತ್ತಾನೆ: ತನಗೆ ಇದು ಅರ್ಥವಾಗುತ್ತಿಲ್ಲ. ಸುಲ್ತಾನ ಸಿಡಿದೇಳುತ್ತಾನೆ. ಅರ್ಥವಾಗದವನು ಬದುಕಿರುವುದಾದರೂ ಯಾತಕ್ಕೆ ಎಂಬಂತೆ ಹರಿಹಾಯುತ್ತಾನೆ. ಮರುಗಳಿಗೆ ತಣ್ಣಗಾಗಿ ಕ್ಷಮೆ ಕೇಳುತ್ತಾನೆ.

ನಾನು ನೋಡಿದ ‘ತುಘಲಕ್’ ನಾಟಕದ ಒಂದು ಪ್ರಯೋಗದಲ್ಲಿ ಈ ಹುಡುಗ ಇರಲೇ ಇಲ್ಲ. ನಾಟಕ ಉದ್ದವಾಯಿತೆಂದು ಕತ್ತರಿ ಹಿಡಿದವರ ಕಣ್ಣಿಗೆ ಮೊದಲು ಬಿದ್ದವರು ಕಾವಲುಗಾರರು. ವೇಷಧಾರಿ ವಂಚಕ ಅಜೀಜನ ಮಾತುಗಳನ್ನು ಒಂದನ್ನೂ ಬಿಡದೆ ಉಳಿಸಿಕೊಂಡಿದ್ದರು, ಅವನು ಬಂದಾಗಲೆಲ್ಲ ಸಭಾಂಗಣ ನಗುತ್ತಿತ್ತು. ಸುಲ್ತಾನನ ದೀರ್ಘ ಮಾತುಗಳೂ ಇದ್ದವು. ಹುಡುಗ ಮಾತ್ರ ಇಲ್ಲ. ಆ ತಂಡದವರು ಸೋಮಾರಿಗಳಾಗಿರಲಿಲ್ಲ. ಅವರ ಕತ್ತರಿಯ ಹಿಂದೆ ಒಂದು ವಿಮರ್ಶೆ ಇತ್ತು. ನಾವು ತರಗತಿಗಳಲ್ಲಿ ಹೇಳಿಕೊಟ್ಟ, ವಿಚಾರ ಸಂಕಿರಣಗಳಲ್ಲಿ ಒಪ್ಪಿಕೊಂಡ, ಪರೀಕ್ಷೆಯ ಉತ್ತರಗಳಲ್ಲಿ ಅಂಕ ಕೊಟ್ಟ ವಿಮರ್ಶೆ ಅದು. ಅದು ನಾಟಕದ ಬುಡಕ್ಕೇ ಪೆಟ್ಟು ಹಾಕುತ್ತದೆ ಎಂಬುದು ನನ್ನ ವಾದ.

ಆ ವಿಮರ್ಶೆ ಏನು ಹೇಳುತ್ತದೆ? ಗಿರೀಶ ಕಾರ್ನಾಡರ ‘ತುಘಲಕ್’ ಬಂದದ್ದು 1964ರಲ್ಲಿ. ಅದಕ್ಕೆ ಮೊದಲು ನಮ್ಮ ಆಡುಮಾತಿನಲ್ಲಿ ತುಘಲಕ್ ಎಂದರೆ ಹುಚ್ಚು ದೊರೆ. ಲೆಕ್ಕಾಚಾರವಿಲ್ಲದ ಆಡಳಿತಕ್ಕೆ ‘ತುಘಲಕ್ ದರ್ಬಾರು’ ಎನ್ನುವುದು ಇಂದಿಗೂ ಪತ್ರಿಕೆಗಳಲ್ಲಿ ಉಳಿದಿದೆ. ಕಾರ್ನಾಡರು ಆ ಹುಚ್ಚನೊಳಗಿನ ಕನಸುಗಾರನನ್ನು ತೋರಿಸಿದರು. ಅಂದಿನಿಂದ ಓದುಗರ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಅವನು ಕಾಲಕ್ಕಿಂತ ಮುಂದಿದ್ದ ಆದರ್ಶವಾದಿ, ಸುತ್ತಲಿನವರು ಅವನನ್ನು ಅರಿಯಲಿಲ್ಲ, ಅದರಿಂದ ಅವನು ಮುರಿದ ಎಂಬ ಓದು ನೆಲೆಯೂರಿತು. ನೆಹರೂ ಯುಗದ ಭ್ರಮನಿರಸನದ ಮಾತು ಅದಕ್ಕೆ ಒತ್ತು ಕೊಟ್ಟಿತು. ಉಳಿದ ಪಾತ್ರಗಳಿಗೆ ಈ ಓದು ಒಂದೇ ಕೆಲಸ ಹಂಚಿತು. ವಜೀರ ನಜೀಬ ಸುಲ್ತಾನನ ರಾಜಕೀಯ ಬುದ್ಧಿ, ಬರನಿ ಅವನ ಅಂತಃಸಾಕ್ಷಿ, ಇಮಾಮುದ್ದೀನ್ ಅವನ ಧರ್ಮಪ್ರಜ್ಞೆ, ಅಜೀಜ ಆದರ್ಶ ಕಳಚಿದರೆ ಉಳಿಯುವ ಅವನ ಅಡ್ಡರೂಪ. ಎಲ್ಲರೂ ಅವನೇ. ಎಲ್ಲರೂ ಅವನಿಗೆ ಹಿಡಿದ ಕನ್ನಡಿಗಳು.

ಈ ನಾಟಕದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದ ಯು. ಆರ್. ಅನಂತಮೂರ್ತಿಯವರು ಇಂಥ ಮಾತನ್ನು ಹೇಳಿದ್ದುಂಟು. ಆದರೆ ಉಳಿದ ಪಾತ್ರಗಳು ಸುಲ್ತಾನನ ವ್ಯಕ್ತಿತ್ವದ ಮುಖಗಳೆಂದ ಅವರು, ಅದೇ ಉಸಿರಿನಲ್ಲಿ ಆ ಪಾತ್ರಗಳು ತಮ್ಮಷ್ಟಕ್ಕೆ ತಾವೂ ಬದುಕಿವೆ ಎಂದು ಸೇರಿಸಿದ್ದರು. ಹಿಂದೆ ಬಂದವರು ಮೊದಲ ಅರ್ಧವನ್ನು ಗಟ್ಟಿಯಾಗಿ ಹಿಡಿದರು, ಎರಡನೆಯ ಅರ್ಧವನ್ನು ಬಿಟ್ಟರು. ನಾಟಕ ಇರುವುದು ಬಿಟ್ಟುಹೋದ ಆ ಅರ್ಧದಲ್ಲಿ.

ನನ್ನ ಮಾತನ್ನು ಇಲ್ಲೇ ನೇರವಾಗಿ ಇಡುತ್ತೇನೆ. ಸುತ್ತಲಿರುವವರೆಲ್ಲ ತನ್ನದೇ ಮುಖಗಳು ಎಂಬುದು ತುಘಲಕನ ರೋಗ. ಆ ರೋಗವನ್ನೇ ನಾವು ನಾಟಕದ ರಚನೆ ಎಂದು ಓದಿದ್ದೇವೆ. ಸುಲ್ತಾನನ ಭ್ರಮೆ ವಿಮರ್ಶೆಯ ಸೂತ್ರವಾಗಿಬಿಟ್ಟಿದೆ.

ನಾಯಕನ ಪಕ್ಕದಲ್ಲಿ ನಿಂತು ಅವನ ಗುಣವನ್ನು ಹೊರಗೆಡಹುವ ಪಾತ್ರವನ್ನು ಎದುರುಪಾತ್ರ ಎನ್ನೋಣ. ಇದಕ್ಕೆ ಕೊಡುವ ಹಳೆಯ ಹೋಲಿಕೆ ಒಡವೆಯದು. ಹರಳಿನ ಅಡಿಗೆ ಅಕ್ಕಸಾಲಿಗ ಹೊಳೆಯುವ ತೆಳು ತಗಡು ಇಡುತ್ತಾನೆ, ಬೆಳಕು ಅದಕ್ಕೆ ತಾಗಿ ಹರಳಿನ ಬಣ್ಣ ಎದ್ದು ಬರುತ್ತದೆ. ಹೋಲಿಕೆ ಚೆನ್ನಾಗಿದೆ, ಅಪಾಯವೂ ಅದರಲ್ಲೇ ಇದೆ. ತಗಡಿಗೆ ಸ್ವಂತ ಬದುಕಿಲ್ಲ. ದುರಂತ ನಾಟಕದ ಎದುರುಪಾತ್ರಕ್ಕೆ ಅದು ಇರಲೇಬೇಕು. ಇಬ್ಬರ ಗುಣಗಳನ್ನು ಅಕ್ಕಪಕ್ಕ ಬರೆದು ವ್ಯತ್ಯಾಸ ಗುರುತಿಸಿದರೆ ಸಿಗುವುದು ಪಟ್ಟಿ. ನಾಯಕ ತನ್ನ ಎದುರು ನಿಂತ ಆ ಇನ್ನೊಂದು ಜೀವದೊಂದಿಗೆ ಹೇಗೆ ನಡೆದುಕೊಂಡ ಎಂದು ಕೇಳಿದರೆ ಸಿಗುವುದು ಅವನ ಸ್ವಭಾವ.

‘ಹ್ಯಾಮ್ಲೆಟ್’ ನೋಡಿ. ಲೇರ್ಟೀಸನೂ ತಂದೆಯನ್ನು ಕಳೆದುಕೊಂಡ ಮಗ, ಫೋರ್ಟಿನ್‌ಬ್ರಾಸನೂ ಹಾಗೆಯೇ. ಅವರು ಹಿಂದುಮುಂದು ನೋಡದೆ ನುಗ್ಗುವವರು, ಹ್ಯಾಮ್ಲೆಟ್ ತಡೆದು ಯೋಚಿಸುವವನು, ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಹ್ಯಾಮ್ಲೆಟ್ ಕೊನೆಗೆ ಲೇರ್ಟೀಸನ ನೋವು ತನ್ನ ನೋವಿನಂಥದ್ದೇ ಎಂದು ಅರಿತು, ಕತ್ತಿ ಹಿಡಿಯುವ ಮೊದಲು ಅವನ ಕ್ಷಮೆ ಕೇಳುವುದು. ಎದುರಿನವನ ಅಳಲು ತನ್ನದಲ್ಲ, ಅವನದೇ ಎಂದು ಅವನು ಒಪ್ಪುತ್ತಾನೆ.

ತುಘಲಕನಿಗೆ ಸಾಧ್ಯವಾಗದ್ದು ಇದೇ. ಅವನನ್ನು ನಾವು ಅರಮನೆಯಲ್ಲಿ ಮೊದಲು ಕಾಣುವುದು ಚದುರಂಗದ ಮುಂದೆ, ಒಂದು ಕಠಿಣ ಸಮಸ್ಯೆಯನ್ನು ಬಿಡಿಸಿದ ಹಿಗ್ಗಿನಲ್ಲಿ. ಅವನಷ್ಟೇ ಚತುರ ಆಟಗಾರ ಗೆಳೆಯ ಐನ್-ಉಲ್-ಮುಲ್ಕ್ ಆಗ ಅವನ ಮೇಲೆ ದಂಡೆತ್ತಿ ಬರುತ್ತಿದ್ದಾನೆ. ಚದುರಂಗದಲ್ಲಿ ಎದುರಾಳಿಯ ನಡೆಯನ್ನೂ ನಾವೇ ಯೋಚಿಸುತ್ತೇವೆ, ಅವನ ಕಾಯಿಗಳು ಎಲ್ಲಿಗೆ ಬರಬೇಕೆಂದು ನಾವೇ ಎಣಿಸುತ್ತೇವೆ. ಆಟದಲ್ಲಿ ಅದು ಜಾಣತನ. ಮನುಷ್ಯರ ನಡುವೆ ಹಾಗೆ ಬದುಕಿದವನ ಕಥೆಯೇ ಈ ನಾಟಕ.

ಶೇಖ್ ಇಮಾಮುದ್ದೀನನ ಪ್ರಸಂಗ ಇದಕ್ಕೆ ಕನ್ನಡಿ ಹಿಡಿದಷ್ಟು ಸ್ಪಷ್ಟ. ಅವನು ಸುಲ್ತಾನನನ್ನು ಬಹಿರಂಗವಾಗಿ ಖಂಡಿಸುವ ಧರ್ಮಗುರು. ರೂಪದಲ್ಲಿ ಸುಲ್ತಾನನನ್ನೇ ಹೋಲುತ್ತಾನೆ. ಸುಲ್ತಾನ ಅವನನ್ನು ದಿಲ್ಲಿಗೆ ಕರೆಸಿ, ತನ್ನ ವಿರುದ್ಧ ಜನರೆದುರು ಮಾತಾಡಲು ಆಹ್ವಾನಿಸುತ್ತಾನೆ. ಎಂಥ ಔದಾರ್ಯ! ಆದರೆ ಮಸೀದಿಯ ಅಂಗಳ ಖಾಲಿ. ಯಾರೂ ಮನೆಬಿಟ್ಟು ಹೊರಬರದಂತೆ ಸೈನಿಕರಿಗೆ ಅಪ್ಪಣೆಯಾಗಿದೆ. ಮಾತಿಗೆ ವೇದಿಕೆ ಸಿಕ್ಕಿತು, ಕೇಳುವ ಕಿವಿ ಸಿಗಲಿಲ್ಲ. ಅಲ್ಲಿಗೂ ಮುಗಿಯಲಿಲ್ಲ. ರಕ್ತಪಾತ ತಪ್ಪಿಸಲು ಐನ್-ಉಲ್-ಮುಲ್ಕನ ಬಳಿಗೆ ಸಂಧಾನಕ್ಕೆ ಹೋಗಬೇಕೆಂದು ಇಮಾಮನನ್ನು ಒಪ್ಪಿಸಿ, ರಾಜಪೋಷಾಕು ತೊಡಿಸಿ ಕಳುಹಿಸುತ್ತಾನೆ. ರಣರಂಗದಲ್ಲಿ ಶತ್ರುಗಳು ಅವನನ್ನೇ ಸುಲ್ತಾನನೆಂದು ಬಗೆದು ಕೊಲ್ಲುತ್ತಾರೆ. ಸುಲ್ತಾನನನ್ನು ಹೋಲುತ್ತಿದ್ದ ಶೇಖನೊಬ್ಬನನ್ನು ರಾಜಛತ್ರದ ಕೆಳಗೆ ನಿಲ್ಲಿಸಿ ಬಲಿಕೊಟ್ಟ ಪ್ರಸಂಗ ಇಬ್ನ್ ಬತೂತನ ಬರಹದಲ್ಲಿಯೂ ಬರುತ್ತದೆ. ಅಲ್ಲಿ ಅದೊಂದು ಯುದ್ಧತಂತ್ರ. ಕಾರ್ನಾಡರ ಕೈಯಲ್ಲಿ ಅದು ಸ್ವಭಾವಚಿತ್ರ. ತನ್ನನ್ನು ಪ್ರಶ್ನಿಸಿದವನ ದನಿಯನ್ನು ಸುಲ್ತಾನ ಅಡಗಿಸಲಿಲ್ಲ, ಅವನಿಗೆ ತನ್ನ ಬಟ್ಟೆ ತೊಡಿಸಿದ. ಎದುರಿನವನನ್ನು ತಾನಾಗಿ ಮಾಡಿದ. ಆ ಕ್ಷಣಕ್ಕೆ ಅವನು ಸತ್ತ.

ಇಮಾಮ ಸುಲ್ತಾನನ ಧಾರ್ಮಿಕ ಮುಖ ಎನ್ನುವ ವಿಮರ್ಶಕ ಸ್ವಲ್ಪ ನಿಂತು ಯೋಚಿಸಬೇಕು. ಆ ಪೋಷಾಕನ್ನು ಅವನ ಮೇಲೆ ಹೊದಿಸಿದವರು ಯಾರು?

ಸರದಾರ ಶಿಹಾಬುದ್ದೀನನ ಕಥೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಅಮೀರರ ಜೊತೆ ಸೇರಿ ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲಲು ಅವನು ಒಪ್ಪಿರುತ್ತಾನೆ. ಅದಕ್ಕೆ ಮುಂಚೆ ಸುಲ್ತಾನ ಅಮೀರರ ಮುಂದೆ ಮೊಣಕಾಲೂರಿ, ನನ್ನನ್ನು ನಂಬಿ ಎಂದು ಬೇಡುವ ಗಳಿಗೆಯೊಂದಿದೆ. ಅದು ನಟನೆ ಎಂದು ನನಗೆ ಅನ್ನಿಸುವುದಿಲ್ಲ. ಆ ಬೇಡಿಕೆಯಲ್ಲಿ ನಿಜವಾದ ಹಸಿವಿದೆ. ಸಂಚು ಬಯಲಾದ ಮೇಲೆ ಸುಲ್ತಾನ ತನ್ನ ಕೈಯಾರೆ ಶಿಹಾಬುದ್ದೀನನನ್ನು ಇರಿಯುತ್ತಾನೆ, ಸತ್ತ ಮೇಲೂ ಇರಿಯುತ್ತಾನೆ. ನಂತರದ ಆಜ್ಞೆ ಇನ್ನೂ ಭಯಾನಕ. ಅಮೀರರು ಎದ್ದ ದಂಗೆಯಲ್ಲಿ ಶಿಹಾಬುದ್ದೀನ್ ಸುಲ್ತಾನನನ್ನು ಉಳಿಸಲು ಹೋಗಿ ಹುತಾತ್ಮನಾದ ಎಂದು ಸಾರಲಾಗುತ್ತದೆ. ದ್ವೇಷಿಸಿ ಸಾಯುವ ಹಕ್ಕನ್ನೂ ಅವನಿಂದ ಕಸಿದುಕೊಳ್ಳಲಾಯಿತು. ಅವನ ಹೆಣವೂ ಸುಲ್ತಾನನ ಚರಿತ್ರೆಗೆ ಒಂದು ಇಟ್ಟಿಗೆ.

ಮಲತಾಯಿಯ ಪಾತ್ರವನ್ನು ಸಾಮಾನ್ಯವಾಗಿ ಪ್ರೀತಿ ಮತ್ತು ಅಧಿಕಾರದ ಸಂಘರ್ಷ ಎಂದು ಮುಗಿಸಿಬಿಡುತ್ತಾರೆ. ಅವಳು ನಜೀಬನನ್ನು ಕೊಲ್ಲಿಸಿದ್ದು ಮಗನನ್ನು ಉಳಿಸಿಕೊಳ್ಳಲು. ಈ ಕೊಲೆಗಳ ಹಾದಿಗೆ ಕಾರಣ ನಜೀಬನೇ, ಅವನು ಹೋದರೆ ಮಗ ಮೊದಲಿನಂತಾಗುತ್ತಾನೆ ಎಂದು ಅವಳು ನಂಬಿದ್ದಳು. ನಜೀಬ ಸುಲ್ತಾನನ ಒಂದು ಮುಖ, ಆ ಮುಖವನ್ನು ಕಳಚಿಬಿಡಬಹುದು ಎಂದು ಮೊದಲು ತಿಳಿದವಳು ಅವಳೇ ಎನ್ನಬಹುದು. ಅವಳ ಲೆಕ್ಕ ತಪ್ಪಿತು. ತಂದೆಯನ್ನು, ತಮ್ಮನನ್ನು ಕೊಂದವನೆಂಬ ಅಪವಾದ ಹೊತ್ತ ಮಗನ ದಾರಿಯನ್ನೇ ಒಮ್ಮೆ ತಾನೂ ತುಳಿದಾಗ, ಅವನು ಅವಳಿಗೆ ವಿಧಿಸಿದ್ದು ವ್ಯಭಿಚಾರಿಣಿಗೆ ಕೊಡುವ ಶಿಕ್ಷೆ, ಜನರೆದುರು ಕಲ್ಲು ಹೊಡೆಸಿ ಕೊಲ್ಲುವುದು. ಅವಳು ತನ್ನ ಇಚ್ಛೆಯಿಂದ, ತನ್ನ ಬುದ್ಧಿಯಿಂದ ಒಂದು ನಡೆ ನಡೆಸಿದಳು. ಕಾಯಿ ತಾನಾಗಿ ನಡೆಯಿತು. ಸುಲ್ತಾನನಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಅವಳನ್ನು ಕಳುಹಿಸಿದ ಮೇಲೆ ಒಂಟಿಯಾಗಿ ದೇವರ ಮುಂದೆ ಕುಸಿದು ಅಳುವ ತುಘಲಕನನ್ನು ಕಂಡು ಮರುಕಪಡದ ಪ್ರೇಕ್ಷಕನಿಲ್ಲ. ಆ ಮರುಕ ನಿಜವಾದದ್ದೇ. ಅವನ ಒಂಟಿತನ ಅವನೇ ಕಟ್ಟಿಕೊಂಡದ್ದು ಎಂಬುದೂ ಅಷ್ಟೇ ನಿಜ.

ಈಗ ಅಜೀಜ. ನನ್ನ ವಾದಕ್ಕೆ ಎದುರು ನಿಲ್ಲುವ ದೊಡ್ಡ ಆಧಾರ ಅವನೇ. ಅವನು ಸುಲ್ತಾನನ ಕನ್ನಡಿ ಅಲ್ಲವೆನ್ನುವುದು ಹೇಗೆ? ಅಗಸನಾದ ಅವನು ಬ್ರಾಹ್ಮಣ ವಿಷ್ಣುಪ್ರಸಾದನ ವೇಷದಲ್ಲಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ತಾಮ್ರದ ನಾಣ್ಯದ ಕಾಲದಲ್ಲಿ ಖೋಟಾ ನಾಣ್ಯ ಟಂಕಿಸುತ್ತಾನೆ. ಕೊನೆಗೆ ಖಲೀಫರ ವಂಶದ ಗಿಯಾಸುದ್ದೀನ್ ಅಬ್ಬಾಸಿಯನ್ನು ಕೊಂದು, ಅವನ ಉಡುಗೆಯಲ್ಲಿ ದೌಲತಾಬಾದಿಗೆ ಬರುತ್ತಾನೆ, ಸುಲ್ತಾನ ಅವನ ಕಾಲಿಗೆ ಬೀಳುತ್ತಾನೆ. ಸುಲ್ತಾನನ ಪ್ರತಿಯೊಂದು ಯೋಜನೆಗೂ ಅಜೀಜನಲ್ಲಿ ಒಂದು ಅಣಕು ಇದೆ. ಸಿಕ್ಕಿಬಿದ್ದಾಗ ತಾನೇ ಸುಲ್ತಾನನ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ಸುಲ್ತಾನ ಅದನ್ನು ಒಪ್ಪಿ, ಅವನನ್ನು ಕ್ಷಮಿಸಿ, ದಖ್ಖನಿನಲ್ಲಿ ಹುದ್ದೆ ಕೊಡುತ್ತಾನೆ.

ಆ ಕ್ಷಮೆಯನ್ನು ಗಮನಿಸಿ. ಶತ್ರುವಾದ ಐನ್-ಉಲ್-ಮುಲ್ಕನನ್ನೂ ಸುಲ್ತಾನ ಹಿಂದೆ ಕ್ಷಮಿಸಿದ್ದುಂಟು. ಅದು ಚದುರಂಗದ ಜೊತೆಗಾರನಿಗೆ ಸಿಕ್ಕ ಕ್ಷಮೆ, ಆಗ ಸುಲ್ತಾನನ ಬಳಿ ಇನ್ನೂ ಆಟದ ಹುಮ್ಮಸ್ಸಿತ್ತು. ಈಗ ಅವನ ಬಳಿ ಏನೂ ಉಳಿದಿಲ್ಲ. ಸಾಕಿದ ತಾಯಿಗೆ ಸಿಗದ ದಯೆ ಒಬ್ಬ ಕೊಲೆಗಾರ ಕಳ್ಳನಿಗೆ ಸಿಗುತ್ತದೆ. ಯಾಕೆ? ಅಜೀಜ ಅವನಿಗೆ ಅವನದೇ ಮಾತುಗಳನ್ನು ತಿರುಗಿಸಿ ಹೇಳಿದ. ಜೀವನವಿಡೀ ತನ್ನನ್ನು ಅರ್ಥಮಾಡಿಕೊಳ್ಳುವವನೊಬ್ಬನಿಗಾಗಿ ಕಾದವನು ಕೊನೆಗೆ ಪ್ರತಿಧ್ವನಿಯನ್ನು ಸ್ನೇಹವೆಂದು ಅಪ್ಪಿಕೊಂಡ. ಅಜೀಜನನ್ನು ಕನ್ನಡಿ ಎನ್ನುವವರು ತುಘಲಕ್ ಕೊಟ್ಟ ತೀರ್ಪಿಗೆ ಸಹಿ ಹಾಕುತ್ತಾರೆ, ಅಷ್ಟೇ.

ಅಜೀಜ ತನ್ನಷ್ಟಕ್ಕೆ ಏನು ಎಂಬುದನ್ನು ನಾಟಕ ಏಳನೆಯ ದೃಶ್ಯದಲ್ಲಿಯೇ ತೋರಿಸಿದೆ. ದೌಲತಾಬಾದಿಗೆ ಹೋಗುವ ದಾರಿಯ ಬಿಡಾರ. ಹಿಂದೂ ಹೆಂಗಸೊಬ್ಬಳ ಮಗು ಸಾಯುತ್ತಿದೆ. ಹಕೀಮನ ಬಳಿಗೆ ಹೋಗಲು ಅಪ್ಪಣೆ ಬೇಡುತ್ತಾಳೆ. ಹಣವಿಲ್ಲದ ಅವಳಿಗೆ ಅಜೀಜ ಅಪ್ಪಣೆ ಕೊಡುವುದಿಲ್ಲ. ಅಲ್ಲಿ ನಗು ಗಂಟಲಲ್ಲೇ ನಿಲ್ಲುತ್ತದೆ. ಆ ತಾಯಿ ಯಾರ ಪ್ರತಿಬಿಂಬ? ಯಾರದ್ದೂ ಅಲ್ಲ. ಅವಳಿಗೆ ಸುಲ್ತಾನನ ಆದರ್ಶವೂ ಬೇಡ, ಅಜೀಜನ ಜಾಣತನವೂ ಬೇಡ, ಮಗು ಬದುಕಬೇಕು. ಎಲ್ಲ ಪಾತ್ರಗಳೂ ತುಘಲಕನ ಮುಖಗಳು ಎನ್ನುವ ಸಿದ್ಧಾಂತದಲ್ಲಿ ಈ ಹೆಂಗಸಿಗೆ ಜಾಗವಿಲ್ಲ. ಸಿದ್ಧಾಂತ ಎಷ್ಟು ಚಿಕ್ಕದು ಎಂಬುದಕ್ಕೆ ಇಷ್ಟೇ ಸಾಕು.

ಕಾರ್ನಾಡರೇ ತಮ್ಮ ಬರವಣಿಗೆಯ ಬಗ್ಗೆ ಹೇಳಿಕೊಂಡದ್ದು ಇಲ್ಲಿ ನೆನಪಾಗುತ್ತದೆ. ಅವರು ಈ ನಾಟಕಕ್ಕೆ ಬಳಸಿದ್ದು ಪಾರ್ಸಿ ಮತ್ತು ಕಂಪನಿ ನಾಟಕಗಳ ರಂಗಕ್ರಮ. ಹಿಂದೆ ಅರಮನೆಯ ಆಳದ ದೃಶ್ಯ ಸಜ್ಜಾಗುತ್ತಿರುವಾಗ ಮುಂದೆ ಪರದೆ ಬಿಟ್ಟು ಬೀದಿಯ ತೆಳು ದೃಶ್ಯ ಆಡಿಸುವುದು ಆ ಕ್ರಮ. ಆಳದ ದೃಶ್ಯ ದೊಡ್ಡವರಿಗೆ, ತೆಳು ದೃಶ್ಯ ಹಾಸ್ಯಗಾರರಿಗೆ, ಇಬ್ಬರೂ ಬೆರೆಯುವಂತಿಲ್ಲ. ಅಜೀಜ ಮತ್ತು ಅವನ ಜೊತೆಗಾರ ಆಜಂ ಬಂದದ್ದು ಆ ಹಾಸ್ಯಗಾರರ ಸಾಲಿನಿಂದ. ಬರೆಯುತ್ತ ಹೋದಂತೆ ತೆಳು ದೃಶ್ಯಗಳು ಉಬ್ಬಿದವು, ಕೊನೆಯಲ್ಲಿ ಅಜೀಜ ಪರದೆ ದಾಟಿ ಸುಲ್ತಾನನ ಆಳದ ದೃಶ್ಯದೊಳಕ್ಕೇ ನಡೆದುಬಿಟ್ಟ. ಇದು ಕನ್ನಡಿಯೊಂದರ ಕಥೆಯಂತೆ ಕೇಳುತ್ತದೆಯೇ? ಲೇಖಕ ಹಾಕಿದ ಗೆರೆಯನ್ನೇ ಮೀರಿ ತನ್ನ ಬಲದಿಂದ ಬೆಳೆದ ಪಾತ್ರದ ಕಥೆ ಇದು. ಕನ್ನಡಿ ಬೆಳೆಯುವುದಿಲ್ಲ.

ಎದುರಿನವನನ್ನು ಎದುರಿನವನಾಗಿ ಕಾಣುವ ದುರಂತ ನಾಯಕ ಕನ್ನಡಕ್ಕೆ ಹೊಸಬನಲ್ಲ. ರನ್ನನ ದುರ್ಯೋಧನ ಇದ್ದಾನೆ. ಬಿ. ಎಂ. ಶ್ರೀಕಂಠಯ್ಯನವರು ಅವನನ್ನು ‘ಗದಾಯುದ್ಧ ನಾಟಕ’ದಲ್ಲಿ ರಂಗಕ್ಕೆ ತಂದು ಗ್ರೀಕ್ ದುರಂತ ನಾಯಕರ ಸಾಲಿನಲ್ಲಿ ನಿಲ್ಲಿಸಿದರು. ಕುರುಕ್ಷೇತ್ರದ ಹೆಣಗಳ ನಡುವೆ ಅವನು ನಡೆದುಬರುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಲ್ಲುತ್ತಾನೆ. ಅವನು ಶತ್ರುವಿನ ಮಗ, ತನ್ನ ಮಗನನ್ನು ಕೊಂದವನು. ದುರ್ಯೋಧನ ಅವನ ಸಾಹಸಕ್ಕೆ ಕೈಮುಗಿದು, ತನಗೂ ಅಂಥ ಸಾವು ಬರಲಿ ಎಂದು ಬಯಸುತ್ತಾನೆ. ಆ ಒಂದು ಗಳಿಗೆಗೆ ಅವನ ನೂರು ತಪ್ಪುಗಳ ನಡುವೆಯೂ ನಾವು ತಲೆಬಾಗುತ್ತೇವೆ. ಛಲದಂಕಮಲ್ಲನಿಗೆ ತನ್ನ ಛಲದ ಆಚೆ ಇನ್ನೊಬ್ಬನ ಹಿರಿಮೆ ಕಂಡಿತು. ದುರ್ಯೋಧನನಿಗಿಂತ ಹೆಚ್ಚು ಓದಿದ, ಹೆಚ್ಚು ನ್ಯಾಯ ಬಯಸಿದ, ಹೆಚ್ಚು ದೂರ ನೋಡಿದ ತುಘಲಕನಿಗೆ ಅದು ಒಮ್ಮೆಯೂ ಕಾಣಲಿಲ್ಲ.

ಹಾಗಾದರೆ ಸುಲ್ತಾನ ಬರೀ ಅಹಂಕಾರಿಯೇ, ನ್ಯಾಯಾಲಯದಲ್ಲಿ ತನ್ನ ವಿರುದ್ಧದ ತೀರ್ಪಿಗೆ ತಲೆಬಾಗಿದವನು ಅವನೇ ಅಲ್ಲವೇ ಎಂದು ಕೇಳಬಹುದು. ತಲೆಬಾಗಿದ್ದು ನಿಜ. ಅಹಂಕಾರಿ ಎಂದರೆ ನಾಟಕ ಸಣ್ಣದಾಗುತ್ತದೆ, ನಾನು ಹಾಗೆ ಹೇಳುತ್ತಿಲ್ಲ. ಅವನು ಜನರನ್ನು ಪ್ರೀತಿಸಿದ. ಜಿಝಿಯಾ ತೆಗೆದದ್ದು, ಹಿಂದೂ ಮುಸ್ಲಿಮರ ನಡುವೆ ಸಮಾನತೆ ತರಲು ಹೊರಟದ್ದು ಪ್ರಾಮಾಣಿಕವಾಗಿಯೇ. ಆದರೆ ಜನ ತನ್ನ ಕನಸಿನ ಒಳಗೆ ಬಂದಾಗ ಮಾತ್ರ ಅವನಿಗೆ ಅವರು ಕಂಡರು. ಕನಸಿನ ಹೊರಗೆ, ತಮ್ಮ ಮನೆ, ತಮ್ಮ ಊರು, ತಮ್ಮ ಹೆದರಿಕೆ, ತಮ್ಮ ದೇವರು ಎಂದು ಬದುಕುವ ಜನ ಅವನಿಗೆ ಒಗಟು. ತಿಳಿವಳಿಕೆ ಎಂದರೆ ಅವನಿಗೆ ಎದುರಿನವನು ತಾನಾಗುವುದು. ಪ್ರೀತಿಯೇ ಹೀಗೆ ಹಿಡಿತವಾದದ್ದು ಅವನ ದುರಂತ. ಎದುರುಪಾತ್ರಗಳು ತೆರೆದಿಡುವುದು ಇದನ್ನೇ. ಅವರನ್ನು ಅವನ ಮುಖಗಳೆಂದು ಕರೆದ ಗಳಿಗೆಗೆ ಈ ದುರಂತ ನಮ್ಮ ಕಣ್ಣಿಂದ ಮರೆಯಾಗುತ್ತದೆ, ಉಳಿಯುವುದು ಒಡೆದ ವ್ಯಕ್ತಿತ್ವದ ಮನಶ್ಶಾಸ್ತ್ರ ಮಾತ್ರ.

ಕೊನೆಗೆ ಬರನಿ. ಇತಿಹಾಸದ ಜಿಯಾವುದ್ದೀನ್ ಬರನಿ ಸುಲ್ತಾನನ ಆಸ್ಥಾನದಲ್ಲಿದ್ದು, ಅವನ ಕಾಲದ ನಂತರ ಚರಿತ್ರೆ ಬರೆದವನು. ನಾಟಕದ ಬರನಿ ಮೃದು ಮನಸ್ಸಿನ ವಿದ್ವಾಂಸ. ಅವನನ್ನು ಸುಲ್ತಾನನ ಅಂತಃಸಾಕ್ಷಿ ಎಂದು ಕರೆಯುವುದು ರೂಢಿ. ಕೊನೆಯ ದೃಶ್ಯ ಆ ರೂಢಿಯನ್ನು ಮುರಿಯುತ್ತದೆ. ಬರನಿಯ ತಾಯಿ ತೀರಿಕೊಂಡಳೆಂಬ ಸುದ್ದಿ ಬಂದಿದೆ, ಊರಿಗೆ ಹೋಗಲು ಅಪ್ಪಣೆ ಬೇಡುತ್ತಿದ್ದಾನೆ. ಅಷ್ಟರಲ್ಲಿ ಅಜೀಜನ ವಿಚಾರಣೆ. ಈ ಪಾಪಿಗೆ ಏನು ಶಿಕ್ಷೆ ಎಂಬ ಮಾತು ಬಂದಾಗ, ಒಂದು ಇರುವೆಯನ್ನೂ ನೋಯಿಸದಂತಿದ್ದ ಬರನಿ ಘೋರ ಶಿಕ್ಷೆಗಳನ್ನು ಒಂದರ ಮೇಲೊಂದು ಸೂಚಿಸುತ್ತಾನೆ. ಆಮೇಲೆ ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸುತ್ತದೆ. ಇಲ್ಲೇ ಇನ್ನಷ್ಟು ದಿನ ಇದ್ದರೆ ತಾನು ಏನಾಗುವೆನೆಂದು ಅವನಿಗೆ ಕಂಡುಬಿಡುತ್ತದೆ. ಈಗಲೇ ಹೋಗಲು ಅಪ್ಪಣೆ ಬೇಕೆನ್ನುತ್ತಾನೆ, ಹೋಗುತ್ತಾನೆ.

ಇಡೀ ನಾಟಕದಲ್ಲಿ ಸುಲ್ತಾನನ ಬಳಿ ಇದ್ದು, ಅವನ ಮುಖವಾಗಲು ಒಪ್ಪದೆ, ಜೀವಸಹಿತ ಎದ್ದು ಹೋಗುವವನು ಇವನೊಬ್ಬ. ಇಮಾಮ ಪೋಷಾಕು ತೊಟ್ಟು ಸತ್ತ. ಶಿಹಾಬುದ್ದೀನ್ ಸುಳ್ಳು ಹುತಾತ್ಮನಾದ. ಮಲತಾಯಿ ಮಗನ ದಾರಿ ಹಿಡಿದು ಕಲ್ಲಿನ ಕೆಳಗೆ ಹೋದಳು. ಅಜೀಜ ಪ್ರತಿಧ್ವನಿಯಾಗಿ ಹುದ್ದೆ ಪಡೆದ. ಬರನಿ ತನ್ನೊಳಗೆ ತುಘಲಕನನ್ನು ಕಂಡು ಹೆದರಿ, ಮತ್ತೆ ಬರನಿಯಾದ. ಅವನು ಅಂತಃಸಾಕ್ಷಿಯಾಗಿದ್ದರೆ ಹೊರಟುಹೋಗುವುದು ಹೇಗೆ? ನಮ್ಮ ಅಂತಃಸಾಕ್ಷಿ ಗಂಟುಮೂಟೆ ಕಟ್ಟಿಕೊಂಡು ತಾಯಿಯ ಊರಿಗೆ ಹೋಗುವುದಿಲ್ಲ. ಹೋಗುವುದು ಇನ್ನೊಬ್ಬ ಮನುಷ್ಯ.

ಅದಕ್ಕೇ ಕೋಟೆಯ ಆ ಹುಡುಗ ನನಗೆ ಬೇಕು. ಅವನಿಗೆ ಹೆಸರಿಲ್ಲ, ಸಂಚಿಲ್ಲ, ವೇಷವಿಲ್ಲ. ಸುಲ್ತಾನನ ಗುಣಕ್ಕೆ ಎದುರಾಗಿ ನಿಲ್ಲಿಸಬಹುದಾದ ಗುಣವೂ ಅವನಲ್ಲಿಲ್ಲ. ಎದುರುಪಾತ್ರದ ಯಾವ ಲಕ್ಷಣಕ್ಕೂ ಅವನು ಸಿಗುವುದಿಲ್ಲ. ಅರ್ಥವಾಗಲಿಲ್ಲ ಎಂಬ ಒಂದು ಮಾತು ಮಾತ್ರ ಅವನದು. ಆ ಒಂದು ಮಾತಿಗೆ ಸುಲ್ತಾನನ ಸ್ವಭಾವ ಪೂರ್ತಿ ಹೊರಬೀಳುತ್ತದೆ, ಮೊದಲು ಸಿಟ್ಟು, ಆಮೇಲೆ ಕ್ಷಮೆಯ ಯಾಚನೆ, ಎರಡರ ನಡುವೆ ದಾಟಲಾಗದ ಕಂದಕ. ನಾಟಕವನ್ನು ಕತ್ತರಿಸಲೇಬೇಕಾದರೆ ಬೇರೆ ಎಲ್ಲಿಯಾದರೂ ಕತ್ತರಿಸಿ. ಈ ಹುಡುಗನನ್ನು ಅವನ ಜಾಗದಲ್ಲಿ, ಕೋಟೆಯ ಮೇಲೆ, ಭರ್ಜಿ ಹಿಡಿದು ನಿಲ್ಲಲು ಬಿಡಿ.

ಅವನು ರಂಗದ ಮೇಲಿದ್ದರೆ ಮಾತ್ರ ನಾಟಕದ ಕೊನೆ ನಮಗೆ ಪೂರ್ತಿ ತಾಗುತ್ತದೆ. ಬರನಿ ಹೋಗಿದ್ದಾನೆ. ಸುಲ್ತಾನ ಸಿಂಹಾಸನದಲ್ಲೇ ನಿದ್ದೆ ಹೋಗುತ್ತಾನೆ. ದೂರದಿಂದ ಅಜಾನ್ ಕೇಳಿಸುತ್ತದೆ. ತಾನೇ ನಿಲ್ಲಿಸಿ, ತಾನೇ ಮತ್ತೆ ಶುರುಮಾಡಿಸಿದ ಕರೆ ಅದು. ಕಣ್ಣು ತೆರೆದ ಸುಲ್ತಾನ ಬೆಚ್ಚಿ ಸುತ್ತ ನೋಡುತ್ತಾನೆ, ಎಲ್ಲಿದ್ದೇನೆಂದು ತಿಳಿಯದವನಂತೆ. ಕೋಟೆಯ ಮೇಲೆ ಒಂದು ರಾತ್ರಿ ಹುಡುಗನೊಬ್ಬ ಹೇಳಿದ್ದ ಮಾತು ಈಗ ಸುಲ್ತಾನನ ಮುಖದ ಮೇಲಿದೆ.